ಶಕ್ಕುವಿನ ಸೊಟ್ಟ ಹಪ್ಪಳ

ಶಕ್ಕುವನ್ನು ನಾವು ಯಾರೂ ಮೇಲಕ್ಕೆತ್ತಲಿಲ್ಲ. ಅವಳು ತಾನೇ ಬಸ್ಸು ಹತ್ತಿ ಹೋದಳು, ತಾನೇ ಇಳಿದು ಬಂದಳು. ನಾವು ಮೂವರು ಹೆಂಗಸರು ಅವಳ ಪಾಲಿನ ಹಪ್ಪಳ ಲಟ್ಟಿಸಿದೆವು. ಅದರಲ್ಲೂ ತಪ್ಪು ಮಾಡಿದೆವು. ನಡೆದದ್ದು ಇಷ್ಟೇ.

ಈಗ ಇದನ್ನು ಬರೆಯಲು ಕಾರಣ ಮಹಿಳಾ ದಿನ. ಮಗರಪಟ್ಟಾದಲ್ಲಿ ನಾನು ಮಗಳ ಮನೆಯಲ್ಲಿದ್ದೇನೆ. ಅವಳ ಕಟ್ಟಡದ ಹೆಂಗಸರು ಕೆಳಗಿನ ಹಾಲಿನಲ್ಲಿ ಕುರ್ಚಿ ಹಾಕಿ, ಮೈಕು ತರಿಸಿ, ಭಾಷಣಕ್ಕೆ ಶಕ್ಕುವನ್ನು ಕರೆಸಿದ್ದರು. ಈಗ ಅವಳು ಶಕುಂತಲಾ ಟೀಚರ್. ಯೆರವಡಾದ ಬಾಲವಾಡಿಯಲ್ಲಿ ಎಷ್ಟೋ ಮಕ್ಕಳ ಮೂಗು ಒರೆಸಿ ಅಕ್ಷರ ತಿದ್ದಿಸಿದವಳು. ನಾನು ಮೊದಲ ಸಾಲಿನಲ್ಲಿ ಕೂತು, ಹಿಂದೆ ಮೇಜಿನ ಮೇಲೆ ಬಟಾಟೆ ವಡೆ ಆರುತ್ತಿದೆಯಲ್ಲ ಎಂದು ಯೋಚಿಸುತ್ತಿದ್ದೆ. ಅಷ್ಟರಲ್ಲಿ ಶಕ್ಕು ನನ್ನ ಕಡೆಗೆ ಬೆರಳು ಮಾಡಿ ಮರಾಠಿಯಲ್ಲಿ, ನಮ್ಮ ವಾಡೆಯ ಈ ಹೆಂಗಸರೇ ನನಗೆ ರೆಕ್ಕೆ ಕೊಟ್ಟರು ಎಂದಳು. ಚಪ್ಪಾಳೆ ಬಿತ್ತು. ಯಾರೋ ನನ್ನನ್ನು ಎಬ್ಬಿಸಿ ಶಾಲು ಹೊದಿಸಿದರು.

ರೆಕ್ಕೆ ಕೊಟ್ಟಿದ್ದರೆ ಅವಳು ಬಸ್ಸಿಗೆ ಯಾಕೆ ನಿಲ್ಲುತ್ತಿದ್ದಳು? ಆದರೆ ಮೈಕು ನನ್ನ ಕೈಗೆ ಬರಲಿಲ್ಲ. ಬಂದದ್ದು ವಡೆ, ಅದೂ ಆರಿದ್ದು.

ಮನೆಗೆ ಬಂದು ಶಾಲು ಇಡಲು ನನ್ನ ಟ್ರಂಕು ತೆರೆದೆ. ತಳದಲ್ಲಿ ಹಳೆಯ ಸೀರೆಗಳ ನಡುವೆ ಒಂದು ಲಟ್ಟಣಿಗೆ ಸಿಕ್ಕಿತು. ಚಪಾತಿಯದಲ್ಲ, ಹಪ್ಪಳದ್ದು, ಅದಕ್ಕಿಂತ ಸಪೂರ, ಹಗುರ. ಒಂದು ತುದಿಗೆ ನೀಲಿ ದಾರ ಸುತ್ತಿದೆ. ಮೊಮ್ಮಗಳು ಅದನ್ನು ಎತ್ತಿ ತಿರುಗಿಸಿ ನೋಡಿದಳು.

“ಅಜ್ಜಿ, ಲಟ್ಟಣಗಿ ಯಾಕ ಟ್ರಂಕಿನಾಗ ಇಟ್ಟೀದಿ?”

“ನಂದಲ್ಲದು. ಶಕ್ಕುಂದು.”

“ಮತ್ತ ಕೊಡಬಾರದಾಗಿತ್ತೇನು, ಈಗ ಬಂದಿದ್ರಲ್ಲಾ?”

“ಕೊಟ್ರ ಹಪ್ಪಳ ಮಾಡ್ತಾಳ. ಯಾರು ತಿನ್ನಬೇಕು?”

ಇದು ನಗೆಗೆ ಹೇಳಿದ ಮಾತಲ್ಲ. ಶಕ್ಕುವಿನ ಹಪ್ಪಳ ನೋಡಿದವರಿಗೆ ಗೊತ್ತು. ಒಂದು ಆಕಳ ಕಿವಿಯಂತೆ, ಒಂದು ಹರಿದ ಚಪ್ಪಲಿಯಂತೆ. ಒಂದು ಬದಿ ಕಾಗದದಷ್ಟು ತೆಳು, ಇನ್ನೊಂದು ಬದಿ ದಪ್ಪ. ಸುಟ್ಟರೆ ಅರ್ಧ ಕರಕು, ಅರ್ಧ ಹಸಿ. ಲಟ್ಟಣಿಗೆಯೇ ಡೊಂಕು ಎಂದು ಅವಳು ವಾದ ಮಾಡುತ್ತಿದ್ದಳು. ಒಮ್ಮೆ ನಾನು ಅದರಲ್ಲೇ ಲಟ್ಟಿಸಿ ನೋಡಿದೆ. ಹಪ್ಪಳ ಚಂದ್ರನಂತೆ ಬಂತು. ಆಮೇಲೆ ಅವಳು ಮಣೆಯನ್ನು ಬೈಯಲು ಶುರು ಮಾಡಿದಳು.

ನನ್ನ ಹಪ್ಪಳದ ಬಗ್ಗೆ ನನಗೆ ಜಂಬ ಇತ್ತು, ಇಲ್ಲ ಎನ್ನುವುದಿಲ್ಲ. ನಾಲ್ಕನೆಯ ಇಯತ್ತೆಗೆ ಶಾಲೆ ಬಿಡಿಸಿದರು, ತಮ್ಮನನ್ನು ಎತ್ತಿಕೊಳ್ಳಲು ಮನೆಯಲ್ಲಿ ಸೊಂಟ ಬೇಕಿತ್ತು. ಗುಣಾಕಾರ ಅರ್ಧಕ್ಕೇ ನಿಂತಿತು. ಆದರೆ ಹಪ್ಪಳ ಪೂರ್ತಿ ಬಂತು. ಹುಕ್ಕೇರಿ ಕಡೆಯ ನಮ್ಮ ಮನೆಯ ಮಾಳಿಗೆಯ ಮೇಲೆ ಅಪ್ಪನ ಹಳೆಯ ಧೋತರ ಹಾಸಿ ಹಪ್ಪಳ ಒಣಹಾಕುತ್ತಿದ್ದರು. ಕಾಗೆ ಓಡಿಸುವುದು ನನ್ನ ಕೆಲಸ. ಕೈಯಲ್ಲಿ ಕೋಲು, ತಲೆಯ ಮೇಲೆ ಒದ್ದೆ ಟವೆಲು. ಅರೆ ಒಣಗಿದ ಹಪ್ಪಳದ ರುಚಿ ಗೊತ್ತೇ ನಿಮಗೆ? ಚರ್ಮದಂತೆ ಜಗಿಯಬೇಕು, ಉಪ್ಪು, ಇಂಗು, ಸ್ವಲ್ಪ ಬಿಸಿಲಿನ ವಾಸನೆ. ಪೂರ್ತಿ ತಿಂದರೆ ಎಣಿಕೆ ತಪ್ಪುತ್ತದೆಂದು ನಾನು ಪ್ರತಿಯೊಂದರ ಅಂಚನ್ನು ಮಾತ್ರ ಸುತ್ತಲೂ ಕಚ್ಚಿ ತಿನ್ನುತ್ತಿದ್ದೆ, ದುಂಡು ಕೆಡದಂತೆ. ಸಂಜೆ ಅವ್ವ ಬಂದು, “ಈ ವರ್ಷದ ಬಿಸಲಿಗೆ ಹಪ್ಪಳ ಭಾಳ ಸಣ್ಣ ಆಗ್ಯಾವಲ್ಲ” ಎಂದಳು. ಆಮೇಲೆ ಒಂದನ್ನು ಎತ್ತಿ ಹಲ್ಲಿನ ಗುರುತು ನೋಡಿದಳು. ಕಾಗೆ ಓಡಿಸುವ ಕೋಲು ನನ್ನನ್ನು ಓಡಿಸಿತು. ದುಂಡಿನ ಮೇಲೆ ನನಗೆ ಅಷ್ಟು ಶ್ರದ್ಧೆ ಬಂದದ್ದು ಅಲ್ಲಿಂದಲೇ ಇರಬೇಕು.

ಸದಾಶಿವ ಪೇಠದ ವಾಡೆಗೆ ಬರೋಣ. ತೊಂಬತ್ತರ ದಶಕದ ಮಾತು. ನನ್ನ ಗಂಡ ಬಟ್ಟೆ ಅಂಗಡಿಯಲ್ಲಿ ಕಾರಕೂನ. ವಾಡೆಯ ಮೇಲೆ ಮನೆಯೊಡತಿ ಕಾಕು ಇದ್ದಳು, ಮರಾಠಿಯವಳು. ಕೆಳಗೆ ಅಂಗಳದ ಸುತ್ತ ನಾವು ಬಾಡಿಗೆಯವರು: ನಾನು, ಧಾರವಾಡದ ವಿಮಲಾಬಾಯಿ, ಮತ್ತು ಶಕ್ಕುವಿನ ಮನೆಯವರು. ಶಕ್ಕುವಿನ ಅತ್ತೆ ಗಂಗಾಬಾಯಿ ಬೆಳಗಾವಿಯವರು. ಮೊಣಕಾಲು ಕೆಟ್ಟಿದ್ದರಿಂದ ಹೊಸ್ತಿಲಲ್ಲಿ ಕೂತು ಇಡೀ ಅಂಗಳವನ್ನು ನೋಡುತ್ತಿದ್ದರು. ಬೆಕ್ಕು ಕೂಡ ಅವರನ್ನು ಕೇಳಿ ಒಳಗೆ ಬರುತ್ತಿತ್ತು.

ಒಗ್ಗಟ್ಟು ಎಂದು ಈಗ ಮೈಕಿನಲ್ಲಿ ಹೇಳುತ್ತಾರೆ. ನಮ್ಮಲ್ಲಿ ಅಂಥದ್ದೇನೂ ಇರಲಿಲ್ಲ. ಬಟ್ಟೆ ಒಣಹಾಕುವ ಹಗ್ಗದ ಸಲುವಾಗಿ ನಾನೂ ವಿಮಲಾಬಾಯಿಯೂ ಒಂದು ಶ್ರಾವಣ ಪೂರ್ತಿ ಮಾತು ಬಿಟ್ಟಿದ್ದೆವು. ಅರಿಷಿಣ ಕುಂಕುಮಕ್ಕೆ ಅವಳು ಬಂದು ಕುಂಕುಮ ಹಚ್ಚಿಸಿಕೊಂಡಳು, ಬಾಯಿ ತೆರೆಯದೆ ಹೋದಳು. ಆದರೆ ಬೇಸಿಗೆಗೆ ಹಪ್ಪಳ ಒಬ್ಬಳಿಂದ ಆಗುವ ಕೆಲಸವಲ್ಲ. ಹಿಟ್ಟು ಕುಟ್ಟಲು ಒಬ್ಬಳು, ಎಣ್ಣೆ ಹಚ್ಚಿ ದಾರದಿಂದ ಕೊಯ್ದು ಉಂಡೆ ಮಾಡಲು ಒಬ್ಬಳು, ಲಟ್ಟಿಸಲು ಉಳಿದವರು. ಆದ್ದರಿಂದ ಏಪ್ರಿಲ್ ಬಂದರೆ ಮಾತು ತಾನೇ ಬರುತ್ತಿತ್ತು. ಇವತ್ತು ಒಬ್ಬರ ಮನೆಯ ಹಪ್ಪಳ, ನಾಳೆ ಇನ್ನೊಬ್ಬರದು. ಎಲ್ಲರೂ ಸೇರುವುದು ಮೇಲೆ, ಕಾಕುವಿನ ಗಚ್ಚಿಯಲ್ಲಿ, ತಗಡಿನ ನೆರಳಿನ ಕೆಳಗೆ. ಮಣೆ, ಲಟ್ಟಣಿಗೆ ಅವರವರದೇ. ಅದಲು ಬದಲಾಗಬಾರದೆಂದು ಒಬ್ಬೊಬ್ಬರದಕ್ಕೆ ಒಂದೊಂದು ಬಣ್ಣದ ದಾರ.

ಇನ್ನೊಂದು ಪದ್ಧತಿ ಇತ್ತು. ಲಟ್ಟಿಸಿದವಳು ಬರಿ ಮಣೆ ಹಿಡಿದು ಮನೆಗೆ ಹೋಗುವಂತಿಲ್ಲ. ತನ್ನ ಕೈಯಿಂದ ಲಟ್ಟಿಸಿದ ಕೆಲವು ಹಪ್ಪಳ ಮಣೆಯ ಮೇಲೆ ಇಟ್ಟುಕೊಂಡು ಹೋಗಬೇಕು, ರಾತ್ರಿ ಊಟಕ್ಕೆ ಸುಡಲು. ತನ್ನದೇ ಕೈಯದು ಯಾಕೆಂದರೆ, ಚೆನ್ನಾಗಿದ್ದರೆ ಅವಳಿಗೇ ಹೆಸರು, ಕೆಟ್ಟಿದ್ದರೆ ಅವಳೇ ತಿನ್ನಲಿ. ಈ ಪದ್ಧತಿಯೇ ಆಮೇಲೆ ನಮ್ಮ ಕುತ್ತಿಗೆಗೆ ಬಂದದ್ದು.

ಶಕ್ಕು ಗೋಕಾಕ ಕಡೆಯ ಹುಡುಗಿ, ಹತ್ತನೆಯ ಇಯತ್ತೆ ಪಾಸು. ಮದುವೆಯಾಗಿ ಬಂದು ಕೆಲವು ವರ್ಷವಾಗಿತ್ತು. ಕೈಕೆಲಸ ಒಂದೂ ನೆಟ್ಟಗೆ ಬಾರದು. ಆದರೆ ವಾಡೆಯ ಮಕ್ಕಳನ್ನು ಮೆಟ್ಟಿಲ ಮೇಲೆ ಸಾಲಾಗಿ ಕೂರಿಸಿ ಏನೋ ಹೇಳಿಕೊಡುತ್ತಿದ್ದಳು; ಅವು ಗಲಾಟೆ ಬಿಟ್ಟು ಕೇಳುತ್ತಿದ್ದವು. ನನ್ನ ಮಗಳು ನನ್ನ ಮಾತು ಎಂದೂ ಹಾಗೆ ಕೇಳಿದ್ದಿಲ್ಲ. ಆ ಬೇಸಿಗೆ ಯೆರವಡಾದಲ್ಲಿ ಒಂದು ಸಂಸ್ಥೆಯವರು ಬಾಲವಾಡಿ ಶಿಕ್ಷಕಿಯರಿಗೆ ತರಬೇತಿ ಇಟ್ಟಿದ್ದರು. ದಿನಾ ಮಧ್ಯಾಹ್ನ. ಪೂರ್ತಿ ಮುಗಿಸಿದವರಿಗೆ ಕೆಲಸ, ಒಂದು ದಿನ ತಪ್ಪಿದರೂ ಹೆಸರು ಹೊಡೆದು ಹಾಕುತ್ತಾರೆ ಎಂದು ಅವಳಿಗೆ ಯಾರೋ ಹೇಳಿದ್ದರು. ಗಂಡನನ್ನು ಕೇಳಿದಳು. ಶ್ರೀಪಾದ ಕಚೇರಿಯಲ್ಲಿ ಬಾಯಿ ಬಿಡದವನು, ಮನೆಯಲ್ಲಿ ಮಾತ್ರ ಸಾಹೇಬ. ಯೆರವಡಾ ಎಂದರೆ ಎಲ್ಲರಿಗೂ ಮೊದಲು ನೆನಪಾಗುವುದು ಅಲ್ಲಿಯ ಜೈಲು, ಹುಚ್ಚಾಸ್ಪತ್ರೆ. ಅವನ ದನಿ ಅಂಗಳಕ್ಕೆಲ್ಲ ಕೇಳಿತು.

“ಯೆರವಡಾಕ್ಕ ಹೋಗೂದು ಎರಡ ಥರದ ಮಂದಿ. ಕಳವು ಮಾಡಿದವರು, ಇಲ್ಲಾ ತಲಿ ಕೆಟ್ಟವರು. ನೀ ಯಾವದ್ರಾಗ ಬರ್ತಿ? ಮತ್ತೊಮ್ಮೆ ಈ ಮಾತ ತಗದ್ರ ತವರಮನಿಗೆ ಬಿಟ್ಟ ಬರ್ತೀನಿ ನೋಡು.”

ಗಂಗಾಬಾಯಿ ಹೊಸ್ತಿಲಿನಿಂದ ಒಂದೇ ಮಾತು ಆಡಿದರು. “ಅಂವ ಬ್ಯಾಡಂದ್ನಲ್ಲಾ. ಮುಗೀತಲ್ಲಾ.”

ಮರುದಿನ ಗಚ್ಚಿಯ ಮೇಲೆ ಶಕ್ಕು ಲಟ್ಟಿಸಲು ಕೂತಳು. ಅಳುತ್ತಿರಲಿಲ್ಲ. ಅತ್ತಿದ್ದರೆ ನಾನು ಎದ್ದು ಹೋಗುತ್ತಿದ್ದೆ, ನನಗೆ ಅಳು ಆಗಿಬರುವುದಿಲ್ಲ. ಸಿಟ್ಟಿನಲ್ಲಿ ಎಷ್ಟು ಒತ್ತಿ ಲಟ್ಟಿಸಿದಳೆಂದರೆ ಹಪ್ಪಳ ಮಣೆಗೆ ಅಂಟಿ ಹರಿಯಿತು. ಇನ್ನೊಂದೂ ಹರಿಯಿತು. ಅವತ್ತಿನ ಹಪ್ಪಳ ನಮ್ಮ ಮನೆಯದು. ನನ್ನ ಉದ್ದಿನ ಹಿಟ್ಟು ಹಾಳಾಗುವುದನ್ನು ಎಷ್ಟು ಹೊತ್ತು ನೋಡಲಿ?

“ಶಕ್ಕು, ನೀ ಲಟ್ಟಸಬ್ಯಾಡ,” ಎಂದೆ. “ಎದ್ದ ಯೆರವಡಾಕ್ಕರ ಹೋಗು. ನಮ್ಮ ಹಪ್ಪಳರ ಉಳೀತಾವ.”

ಅಂದದ್ದು ಅಷ್ಟೇ. ಆದರೆ ಕಾಕು ಕುಟ್ಟುವುದನ್ನು ನಿಲ್ಲಿಸಿದಳು. ಗಚ್ಚಿಯಿಂದ ಹಿಂದಿನ ಓಣಿಗೆ ಇಳಿಯಲು ಅವಳಿಗೊಂದು ಕಿರಿದಾದ ಜಿನ್ನೆ ಇತ್ತು. ಕಸದವಳು ಹತ್ತಿ ಬರಲು ಇದ್ದದ್ದು. ಅದರ ಬೀಗದ ಕೈಯನ್ನು ಸೊಂಟದಿಂದ ತೆಗೆದು ಶಕ್ಕುವಿನ ಮಣೆಯ ಮೇಲೆ ಇಟ್ಟು, “ಜಾ” ಎಂದಳು. ಹೋಗು ಎಂದು.

“ಮೌಶಿ, ಅತ್ತಿಯವರಿಗೆ ತಿಳಿದ್ರ?” ಶಕ್ಕು ನನ್ನನ್ನು ಕೇಳಿದಳು.

“ಅವರು ಮ್ಯಾಲ ಹತ್ತಂಗಿಲ್ಲ. ನೀ ಇಲ್ಲೇ ಕೂತಿ ಅಂತ ತಿಳ್ಕೋತಾರ.”

“ಮತ್ತ ಸಂಜಿಕ ಮಣಿ ಮ್ಯಾಲ ಏನ್ ಇಟಗೊಂಡ ಹೋಗ್ಲಿ?”

“ನಾವ ಲಟ್ಟಸಿ ಇಡ್ತೀವಿ, ಹೋಗ ಮಾರಾಯ್ತಿ,” ಎಂದಳು ವಿಮಲಾಬಾಯಿ. ಹಗ್ಗದ ವಿಷಯದಲ್ಲಿ ಅಷ್ಟು ಜಿಪುಣಿ, ಹಪ್ಪಳದಲ್ಲಿ ಕೈ ದೊಡ್ಡದು.

ಮುಂದೆ ದಿನಾ ಇದೇ ನಡೆಯಿತು. ಊಟವಾದ ಮೇಲೆ ಶಕ್ಕು ಅತ್ತೆಯ ಎದುರಿನಿಂದಲೇ ಮಣೆ ಲಟ್ಟಣಿಗೆ ಹಿಡಿದು ಮೇಲೆ ಬರುವಳು, ಅವನ್ನು ನನ್ನ ಪಕ್ಕದಲ್ಲಿಟ್ಟು ಹಿಂದಿನ ಜಿನ್ನೆ ಇಳಿದು ಹೋಗುವಳು. ಪೇಠೆಯ ಅಂಗಡಿಗಳೆಲ್ಲ ಬಾಗಿಲು ಎಳೆದು ನಿದ್ದೆ ಮಾಡುವ ಹೊತ್ತು ಅದು. ಓಣಿಯಲ್ಲಿ ನೋಡುವವರು ಯಾರೂ ಇಲ್ಲ. ಸಂಜೆ ಬಸ್ಸಿನಲ್ಲಿ ಬೆವೆತು ಅದೇ ದಾರಿಯಿಂದ ಬಂದು, ಮಣೆಯ ಮೇಲೆ ನಮ್ಮ ಹಪ್ಪಳ ಇಟ್ಟುಕೊಂಡು ಮುಂದಿನ ಮೆಟ್ಟಿಲು ಇಳಿಯುವಳು. ನಮ್ಮ ಕಷ್ಟ ಬೇರೆ. ನಾಲ್ಕೂ ಮನೆಯ ಹಪ್ಪಳ ಮುಗಿದರೂ ತರಬೇತಿ ಮುಗಿಯಲಿಲ್ಲ. ಕಾಕುವಿನ ತಂಗಿಗೆ ಮಾಡಿದೆವು. ವಿಮಲಾಬಾಯಿಯ ಬೀಗರಿಗೆ ಮಾಡಿದೆವು. ನನ್ನ ಗಂಡನ ಅಂಗಡಿಯ ಮಾಲಕರ ಮನೆಗೂ ಕೊಟ್ಟೆವು. ಸದಾಶಿವ ಪೇಠದಲ್ಲಿ ಈ ವಾಡೆಯವರಿಗೆ ಹಪ್ಪಳದ ಹುಚ್ಚು ಹಿಡಿದಿದೆ ಎಂದು ಜನ ಅಂದುಕೊಂಡಿರಬೇಕು. ಮನೆಯಲ್ಲಿ ಗಂಡ ಒಂದು ದಿನ, “ಇವತ್ತೂ ಹಪ್ಪಳಾನೇನ?” ಎಂದರು. ನಮ್ಮ ಸಂಸಾರದಲ್ಲಿ ಅವರು ಆಡಿದ ಮಾತುಗಳಲ್ಲಿ ಅದೇ ಉದ್ದದ್ದು.

ಒಂದು ಸಂಜೆ ಶಕ್ಕು ಮುಖ ಸಣ್ಣದು ಮಾಡಿಕೊಂಡು ಹೇಳಿದಳು. “ಮೌಶಿ, ಅತ್ತಿ ಹಪ್ಪಳ ಸುಡೂದ ಬಿಟ್ಟಾರ. ನಾ ಒಯ್ದದ್ದನ್ನೆಲ್ಲಾ ಒಣಗಿಸಿ ಒಂದ್ ಡಬ್ಬಿಯಾಗ ತುಂಬಿ ಇಡ್ಲಿಕ್ಕತ್ಯಾರ. ಏನೂ ಮಾತಾಡೂದಿಲ್ಲ.”

ನನಗೆ ಏನು ಅನಿಸಿತು ಗೊತ್ತೇ? ಹಪ್ಪಳ ಅಷ್ಟು ಚಂದ ಬಂದಿವೆ, ಸುಡಲು ಮನಸ್ಸಾಗದೆ ಹಬ್ಬಕ್ಕೆಂದು ಜೋಪಾನ ಮಾಡುತ್ತಿದ್ದಾರೆ ಎಂದುಕೊಂಡೆ. ಮರುದಿನ ಇನ್ನಷ್ಟು ದುಂಡಗೆ ಲಟ್ಟಿಸಿದೆ.

ತರಬೇತಿಗೆ ಇನ್ನೂ ಒಂದಷ್ಟು ದಿನ ಉಳಿದಿತ್ತು. ಮಧ್ಯಾಹ್ನ ನಾವು ಮೂವರೂ ಲಟ್ಟಿಸುತ್ತಿದ್ದೆವು, ಶಕ್ಕುವಿನ ಮಣೆ ಖಾಲಿ ಇತ್ತು. ಮೆಟ್ಟಿಲ ಮೇಲೆ ಟಕ್ ಎಂದು ಸದ್ದಾಯಿತು. ಸ್ವಲ್ಪ ತಡೆದು ಮತ್ತೊಮ್ಮೆ ಟಕ್. ಗಂಗಾಬಾಯಿಯ ಕೋಲು. ವಾಡೆಗೆ ಬಂದ ಮೇಲೆ ಅವರು ಒಮ್ಮೆಯೂ ಮೇಲೆ ಹತ್ತಿದವರಲ್ಲ.

“ಪಾಯಖಾನಿಗೆ ಹೋಗ್ಯಾಳ ಅಂತ ಹೇಳೂಣು,” ವಿಮಲಾಬಾಯಿ ಪಿಸುಗುಟ್ಟಿದಳು.

“ಪಾಯಖಾನಿ ಇರೂದ ಅವರ ಬಾಗಲಾ ಎದುರಿಗೆ,” ಎಂದೆ.

ಗಂಗಾಬಾಯಿ ಬಂದರು. ಉಸಿರು ಸಾಲದೆ ಬಾಗಿಲ ಚೌಕಟ್ಟು ಹಿಡಿದು ನಿಂತರು, ಆಮೇಲೆ ಹಾಸಿದ್ದ ಗೋಣಿಚೀಲದ ಮೇಲೆ ಕೂತರು. ಖಾಲಿ ಮಣೆ ನೋಡಿದರು. ಶಕ್ಕು ಎಲ್ಲಿ ಎಂದು ಕೇಳಲಿಲ್ಲ. ಸೆರಗಿನೊಳಗಿಂದ ಡಬ್ಬಿ ತೆಗೆದು, ಒಳಗಿನ ಹಪ್ಪಳಗಳನ್ನು ಇಸ್ಪೀಟಿನ ಎಲೆ ಹಾಸಿದಂತೆ ನೆಲದ ಮೇಲೆ ಹಾಸಿದರು.

“ಗಂಗಾಬಾಯಿ, ಚಹಾ ಘ್ಯಾ,” ಎಂದಳು ಕಾಕು.

“ಚಹಾ ಆಮ್ಯಾಲ ಕುಡೀತೀನಿ. ಇವು ಯಾರ ಹಪ್ಪಳ?”

“ಶಕ್ಕುಂದು ರೀ,” ಎಂದಳು ವಿಮಲಾಬಾಯಿ.

“ಹೌದೇನು? ಇದರ ಅಂಚಿನ ಗೆರಿ ನೋಡ್ರಿ. ಲಟ್ಟಸುವಾಗ ಬಳಿ ತಾಗಿದ್ದು. ಶಕ್ಕು ಬಳಿ ಹಿಂದ ಸರಸಿ ಕೂಡ್ತಾಳ. ಇದು ವಿಮಲಾಬಾಯಿ, ನಿಂದು.” ಇನ್ನೊಂದನ್ನು ಎತ್ತಿ ಬಿಸಿಲಿಗೆ ಹಿಡಿದರು. “ಮತ್ತ ಇದು ರುಕ್ಮಕ್ಕಾ, ನಿಂದು. ಗಾಡಿ ಗಾಲಿ ಇದ್ಧಾಂಗ ದುಂಡ. ಸೊಕ್ಕಿನ ಹಪ್ಪಳ.”

ಹಪ್ಪಳಕ್ಕೂ ಸೊಕ್ಕು ಇರುತ್ತದೆ ಎಂದು ನನಗೆ ಅವತ್ತು ತಿಳಿಯಿತು.

“ನಮ್ಮ ಸೊಸಿ ಬಂದಾಗಿಂದ ಒಂದ ಹಪ್ಪಳಾ ದುಂಡಗ ಲಟ್ಟಸಿಲ್ಲ. ಆಕಿ ಹಪ್ಪಳಕ್ಕ ಮೂಲಿ ಇರ್ತಾವ. ಒಂದೊಂದಕ್ಕ ಬಾಲಾನೂ ಇರ್ತದ.”

ಸುಳ್ಳು ಮುಂದುವರಿಸುವುದರಲ್ಲಿ ಅರ್ಥವಿರಲಿಲ್ಲ. “ಹೌದ್ರಿ,” ಎಂದೆ. “ನಾವ ಲಟ್ಟಸೀವಿ. ಆಕಿ ಯೆರವಡಾಕ್ಕ ಹೋಗ್ಯಾಳ. ದಿನಾ ಹೋಗ್ತಾಳ. ಮಗನ ಮುಂದ ಹೇಳೂದಿದ್ರ ಹೇಳ್ರಿ.”

“ಅಂವಗ ಹೇಳಿ ಏನ್ ಮಾಡ್ಲಿ? ನೀ ಹೇಳೂತನಾ ನನಗ ಗೊತ್ತಿಲ್ಲಂತ ತಿಳದೀ ಏನು? ಹಪ್ಪಳಾ ಲಟ್ಟಸಿ ಬಂದಾಕಿ ಸೆರಗಿಗೆ ಹಿಟ್ಟ ಇರಬೇಕು. ಇಕಿ ಸೆರಗಿಗೆ ಬೋರ್ಡಿನ ಮ್ಯಾಲ ಬರಿಯೂ ಖಡು ಹತ್ತಿರ್ತದ. ಮಕ್ಕಳ ಹಾಡ ಗುಣಗುಣಾ ಅನಕೋತ ಪಾತ್ರಿ ತಿಕ್ತಾಳ. ಸುರುವಿಗೇ ತಿಳೀತು ನನಗ.”

ಗಂಗಾಬಾಯಿ ಮೊಣಕಾಲು ತಿಕ್ಕಿಕೊಳ್ಳುತ್ತ ಮುಂದುವರಿಸಿದರು.

“ನನ್ನ ಮಗ ಹಪ್ಪಳಾ ತಿಂತಾನ, ನೋಡೂದಿಲ್ಲ. ಅಂವಂದು ಚಿಂತಿಲ್ಲ. ಆದ್ರ ನಾಳೆ ಸಂಜಿಕ ಸಾಂಗ್ಲಿಯಿಂದ ನನ್ನ ಮಗಳು ಬರ್ತಾಳ, ಎಂಟ ದಿನಾ ಇರ್ತಾಳ. ಆಕಿಗೆ ಲಟ್ಟಸೂದು ಕಲಿಸಿದಾಕಿ ನಾನು. ಈ ಹಪ್ಪಳಾ ಒಂದ್ಸಲಾ ನೋಡಿದ್ರ ಸಾಕು, ಅಣ್ಣನ ಮುಂದ ಕೂತು ಎಲ್ಲಾ ಬಿಚ್ಚಿ ಹೇಳ್ತಾಳ. ಅಂವ ಈಕೀನ ಗೋಕಾಕಕ್ಕ ಬಿಟ್ಟ ಬರ್ತಾನ. ಆಮ್ಯಾಲ ನನ್ನ ಮೊಣಕಾಲಿಗೆ ಎಣ್ಣಿ ತಿಕ್ಕಲಿಕ್ಕೆ ನೀವ ಬರ್ತೀರೇನು?” ಕೋಲನ್ನು ನೆಲಕ್ಕೆ ಕುಟ್ಟಿದರು. “ಇಷ್ಟ ವರ್ಷಾ ಅಡಗಿ ಮಾಡೀರಿ, ಇಷ್ಟೂ ಬುದ್ಧಿ ಇಲ್ಲೇನ್ರಿ? ಆಕಿ ಹೆಸರಲೇ ಲಟ್ಟಸೂದಾದ್ರ ಆಕಿ ಕೈಯಿದ್ಧಾಂಗ ಲಟ್ಟಸ್ರಿ. ಸೊಟ್ಟ ಲಟ್ಟಸ್ರಿ!”

ವಿಮಲಾಬಾಯಿಗೆ ಕಣ್ಣು ತುಂಬಿ ಬಂತು. ಅವಳಿಗೆ ಈರುಳ್ಳಿ ಬೇಡ, ಅಷ್ಟಕ್ಕೇ ಬರುತ್ತದೆ. “ಎಷ್ಟ ದೊಡ್ಡ ಮನಸ್ಸ್ರಿ ನಿಮ್ಮದು,” ಎಂದಳು.

“ಮನಸ್ಸೂ ಇಲ್ಲ ಏನೂ ಇಲ್ಲ. ಇಬ್ಬರು ಹೆಂಗಸರು ದಿನಾಪೂರ್ತಿ ಒಂದ ಅಡಗಿ ಮನ್ಯಾಗ ಇದ್ರ ಏನಾಗ್ತದ, ನಿನಗ ಗೊತ್ತಿಲ್ಲೇನು? ಮಧ್ಯಾಹ್ನ ಆಕಿ ಇಲ್ಲಂದ್ರ ನನಗ ನಿದ್ದಿ ಚೊಲೊ ಹತ್ತತದ. ಎಲ್ಲಿ ಅದ ಚಹಾ?”

ಚಹಾ ಕುಡಿದರು. ಸಕ್ಕರೆ ಕಡಿಮೆ ಎಂದರು. ಹೋಗುವಾಗ ನೆಲದ ಮೇಲಿನ ಹಪ್ಪಳಗಳನ್ನು ಕೋಲಿನಿಂದ ನನ್ನ ಕಡೆಗೆ ಸರಿಸಿದರು. “ಈ ದುಂಡನೂವು ನೀವ ತಿನ್ರಿ. ನಮ್ಮ ಮನ್ಯಾಗ ಬ್ಯಾಡ. ಮತ್ತ ಶಕ್ಕು ಮುಂದ ನಾ ಬಂದಿದ್ದು ಹೇಳಬ್ಯಾಡ್ರಿ. ಇಲ್ಲದಿದ್ರ ನಾಳಿಂದ ನನ್ನ ಮುಂದನ ಹಾಡಲಿಕ್ಕೆ ಸುರು ಮಾಡ್ತಾಳ.”

ಆದ್ದರಿಂದಲೇ ಶಕ್ಕುವಿಗೆ ಇದು ಇವತ್ತಿಗೂ ಗೊತ್ತಿಲ್ಲ. ಭಾಷಣದಲ್ಲಿ ಅತ್ತೆಯ ಹೆಸರು ಬರಲಿಲ್ಲ. ಗಂಗಾಬಾಯಿ ಹೋಗಿ ಬಹಳ ವರ್ಷವಾಯಿತು, ಈಗ ಹೇಳಿದರೆ ಸಿಟ್ಟಾಗುವವರು ಯಾರೂ ಇಲ್ಲ.

ಅವತ್ತು ಸಂಜೆ ಶಕ್ಕುವಿನ ಮಣೆಯ ಮೇಲೆ ಏನೂ ಇಡಲಿಲ್ಲ. ಹಿಟ್ಟು ಮುಗಿಯಿತು ಎಂದು ಹೇಳಿ ಕಳಿಸಿದೆವು. ಲಟ್ಟಣಿಗೆ ಮಾತ್ರ ನನ್ನ ಹತ್ತಿರ ಇಟ್ಟುಕೊಂಡೆ.

ಮರುದಿನ ಬೆಳಿಗ್ಗೆ ನಳದ ನೀರು ತುಂಬಿಸಿ, ಗಂಡನ ಡಬ್ಬಿ ಕಟ್ಟಿ ಕಳಿಸಿ, ಬಾಗಿಲು ಮುಂದೆ ಮಾಡಿಕೊಂಡು ಶಕ್ಕುವಿನ ಲಟ್ಟಣಿಗೆ ಹಿಡಿದು ಕೂತೆ. ಮೊದಲನೆಯದು ದುಂಡಗೆ ಬಂತು. ಮುದ್ದೆ ಮಾಡಿ ಮತ್ತೆ ಲಟ್ಟಿಸಿದೆ, ಮತ್ತೆ ದುಂಡು. ಕಣ್ಣು ಮುಚ್ಚಿ ಲಟ್ಟಿಸಿದೆ, ಆಗಲೂ ದುಂಡು. ಕೈ ನನ್ನ ಮಾತು ಕೇಳಲಿಲ್ಲ. ಕೊನೆಗೆ ಲಟ್ಟಣಿಗೆಯನ್ನು ಎಡಗೈಗೆ ಬದಲಿಸಿ, ಮುಖವನ್ನು ಗೋಡೆಯ ಕಡೆಗೆ ತಿರುಗಿಸಿ, ಹಗ್ಗದ ಸಲುವಾಗಿ ವಿಮಲಾಬಾಯಿ ಅಂದದ್ದನ್ನೆಲ್ಲ ನೆನಪು ಮಾಡಿಕೊಂಡು ಜೋರಾಗಿ ಒತ್ತಿದೆ. ತಿರುಗಿ ನೋಡಿದರೆ ಹಪ್ಪಳಕ್ಕೆ ಮೂರು ಮೂಲೆ, ಒಂದು ಬಾಲ. ಶಕ್ಕು ಒಳಗೆ ಪಾತ್ರೆ ತಿಕ್ಕುವ ಹೊತ್ತು ನೋಡಿ ಅದನ್ನು ತಾಟಿನಲ್ಲಿಟ್ಟು ಅಂಗಳ ದಾಟಿ, ಹೊಸ್ತಿಲಲ್ಲಿ ಕೂತಿದ್ದ ಗಂಗಾಬಾಯಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿದರು.

“ಬಾಲ ಇನ್ನೊಂಚೂರು ಉದ್ದ ಆಗಬೇಕು,” ಎಂದರು.

ಒಳಗೆ ಹೋಗಿ ಬಾಲ ಉದ್ದ ಮಾಡಿದೆ.